ಸಾಲ ಕೊಟ್ಟರೆ ಸಾಲದು, ಕೆಲಸವೂ ಬೇಕು: ಹಾಸನದ ಸಣ್ಣ ಅಂಗಡಿಗಳು ಮತ್ತು ದುಡಿಯುವವರ ಸಹಕಾರ ಸಂಘ

ಲೆಕ್ಕದ ಮೇಜು, ಹೊಸಲೈನ್ ರಸ್ತೆ

ಸಣ್ಣ ಅಂಗಡಿಗಳ ಲೆಕ್ಕ ಬರೆದು, ಜಿಎಸ್‌ಟಿ ತುಂಬಿ ಹೊಟ್ಟೆ ಹೊರೆಯುವವನು ನಾನು. ನನ್ನ ಮುಂದೆ ಬಂದು ಕೂರುವವರು ಗುಜರಿಯವರು, ವೆಲ್ಡಿಂಗ್‌ನವರು, ಹೊಲಿಗೆಯವರು, ಬೇಕರಿಯವರು, ಗ್ಯಾರೇಜಿನವರು. ಅರ್ಧಕ್ಕೂ ಹೆಚ್ಚು ಮಂದಿ ಮುಸ್ಲಿಮರು. ಉಳಿದವರಲ್ಲಿ ದಲಿತರು, ಒಂಟಿಯಾಗಿ ಸಂಸಾರ ತೂಗಿಸುವ ಹೆಂಗಸರು. ಇವರೆಲ್ಲರ ಪುಸ್ತಕದಲ್ಲಿ ಸಾಲದ ಪುಟ ಭರ್ತಿಯಾಗಿರುತ್ತದೆ, ಆರ್ಡರಿನ ಪುಟ ಬಡಕಲು.

ಸಾಲದ ಯೋಜನೆಗಳಿಗೆ ಬರವಿಲ್ಲ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿಯಲ್ಲಿ 50 ಸಾವಿರ ರೂಪಾಯಿವರೆಗೆ ಸಿಗುತ್ತದೆ, ಕಂತು ಸರಿಯಾಗಿ ಕಟ್ಟಿದವರಿಗೆ ಅರ್ಧ ಸಹಾಯಧನ. 2015ರಿಂದ ಮುದ್ರಾ ಇದೆ, 2020ರಿಂದ ಬೀದಿ ವ್ಯಾಪಾರಿಗಳಿಗೆ ಸ್ವನಿಧಿ ಇದೆ. ಯಾವುದನ್ನೂ ಬೇಡ ಎನ್ನುವುದಿಲ್ಲ. ಆದರೆ ಒಂದೇ ಬೀದಿಯ ಹತ್ತು ಹೊಲಿಗೆಯವರಿಗೆ ಹತ್ತು ಯಂತ್ರಕ್ಕೆ ಸಾಲ ಕೊಟ್ಟರೆ ಆಗುವುದೇನು? ಹತ್ತೂ ಜನ ಅದೇ ರವಿಕೆಗೆ ಪೈಪೋಟಿ ಮಾಡಿ ಮಜೂರಿ ಇಳಿಸಿಕೊಳ್ಳುತ್ತಾರೆ. ಲಾಭವಾಗುವುದು ಯಂತ್ರ ಮಾರಿದವನಿಗೆ.

ಊರಿನ ದೊಡ್ಡ ಗಿರಾಕಿಗಳು ಬೇರೆಯೇ ಇದ್ದಾರೆ. ಹಿಮ್ಸ್ ಆಸ್ಪತ್ರೆಯಲ್ಲಿ ಹಾಸಿಗೆಯ ಬಟ್ಟೆ ನಿತ್ಯವೂ ಒಗೆಯಬೇಕು, ಹರಿದದ್ದನ್ನು ಹೊಲಿಯಬೇಕು. ಹಾಸ್ಟೆಲ್‌ಗಳಿಗೆ ತರಕಾರಿ, ಮೊಟ್ಟೆ, ಬ್ರೆಡ್ಡು ಬೇಕು. ಕಾಲೇಜುಗಳಿಗೆ ಬೆಂಚು ರಿಪೇರಿ, ಬಸ್ ಡಿಪೊಗೆ ಸೀಟಿನ ರೆಕ್ಸಿನ್ ಕೆಲಸ, ನಗರಾಡಳಿತಕ್ಕೆ ಕಸ ಸಾಗಣೆ. ಇವು ವರ್ಷವಿಡೀ ನಿಲ್ಲದ ಕೆಲಸಗಳು. ಈ ಹಣ ಕಟ್ಟಿನಕೆರೆ ಮಾರುಕಟ್ಟೆಯ ಸುತ್ತಲಿನ ಅಂಗಡಿಗಳ ಪುಸ್ತಕಕ್ಕೆ ಬಂದದ್ದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ.

ಸುತ್ತಲಿನ ಹಳ್ಳಿಗಳಲ್ಲಿ ಸಹಕಾರದ ಪಾಠ ಯಾರಿಗೂ ಹೇಳಬೇಕಾಗಿಲ್ಲ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಾರೆ, ಫ್ಯಾಟ್ ನೋಡಿಸುತ್ತಾರೆ, ಬಟವಾಡೆ ಪಡೆಯುತ್ತಾರೆ. ಎರಡು ಎಮ್ಮೆಯ ಹೆಂಗಸಿನ ಹಾಲಿಗೂ ಅಲ್ಲಿ ಖಾತ್ರಿ ಕೊಳ್ಳುವವರಿದ್ದಾರೆ. ಪೇಟೆಗೆ ಬಂದರೆ ಸಹಕಾರ ಸಂಘವೆಂದರೆ ಬರೀ ಪತ್ತಿನ ಸಂಘ, ಅದೂ ಸಾಲ ಕೊಡುವುದಕ್ಕೆ. ದುಡಿಯುವವರೇ ಒಡೆಯರಾಗಿ, ದುಡಿಮೆಯನ್ನೇ ಒಟ್ಟಾಗಿ ಮಾರುವ ಸಂಘವನ್ನು ಹಾಸನದ ಪೇಟೆಯಲ್ಲಿ ಕಟ್ಟಲಾಗದೇ? ಅನುಭವ ಇರುವವರು ಬರೆಯಿರಿ. ಉಪದೇಶ ಬೇಡ.

ಗುಜರಿ ಅಂಗಡಿ, ಪೆನ್ಷನ್ ಮೊಹಲ್ಲಾ

ಲೆಕ್ಕದ ಸರ್, ಆರ್ಡರಿನ ಪುಟ ಏಕೆ ಖಾಲಿ ಎನ್ನುವುದನ್ನು ನನ್ನ ವ್ಯಾಪಾರದಿಂದಲೇ ಹೇಳುತ್ತೇನೆ. ಚಿಂದಿ ಆಯುವ ಹೆಂಗಸು ಮುಂಜಾನೆ ರಟ್ಟು, ಪ್ಲಾಸ್ಟಿಕ್ ತರುತ್ತಾಳೆ. ನಾನು ತೂಕ ಹಾಕಿ ದುಡ್ಡು ಕೊಡುತ್ತೇನೆ. ನನ್ನ ಜಾಗ ಕಿರಿದು, ಮೂರು ದಿನಕ್ಕಿಂತ ಹೆಚ್ಚು ಕೂಡಿಡಲು ಆಗುವುದಿಲ್ಲ. ಬಂದ ಲಾರಿಗೆ ಹೇಳಿದ ದರಕ್ಕೆ ಹಾಕಬೇಕು. ಬೆಂಗಳೂರಿನ ಗೋದಾಮಿನಲ್ಲಿ ಇಳಿಸುವಾಗ ‘ತೇವ ಇದೆ’ ಎಂದು ಮತ್ತೆ ಕಡಿತ. ಮಳೆಗಾಲದಲ್ಲಿ ಆ ಕಡಿತ ನಮ್ಮ ಲಾಭವನ್ನು ನುಂಗಿಬಿಡುತ್ತದೆ, ನಾವು ಆಯುವವರಿಗೆ ಕೊಡುವ ದರ ಇಳಿಸುತ್ತೇವೆ. ಕೊನೆಗೆ ಪೆಟ್ಟು ಬೀಳುವುದು ಆ ಹೆಂಗಸಿಗೆ.

ರಟ್ಟನ್ನು ಒತ್ತಿ ಪಿಂಡಿ ಕಟ್ಟುವ ಯಂತ್ರವೊಂದು ಬೇಕು, ಮೇಲೆ ಶೀಟಿನ ಸೂರು ಬೇಕು. ಪಿಂಡಿ ಮಾಡಿದ ಮಾಲಿಗೆ ದರ ಬೇರೆ, ಲಾರಿಯಲ್ಲಿ ಜಾಸ್ತಿಯೂ ಹಿಡಿಯುತ್ತದೆ. ಅದು ಒಬ್ಬನ ಕೈಯಲ್ಲಿ ಆಗುವ ಮಾತಲ್ಲ. ಐದಾರು ಗುಜರಿಯವರು ಸೇರಿದರೆ ಆಗುತ್ತದೆ. ಆದರೆ ನಾವು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಅದೂ ನಿಜ.

ಇನ್ನು ಬ್ಯಾಂಕು. ನಮ್ಮ ಬೀದಿಯ ವಿಳಾಸ ಕಂಡ ಕೂಡಲೇ ಅರ್ಜಿ ಮೇಜಿನಿಂದ ಮೇಜಿಗೆ ಸುತ್ತುತ್ತದೆ. ಯಾವ ಬ್ಯಾಂಕ್ ಎಂದು ಹೇಳುವುದಿಲ್ಲ. ಇಲ್ಲಿ ಅಂಗಡಿ ಇಟ್ಟವರಿಗೆಲ್ಲ ಗೊತ್ತು.

ನೇರ ಮಾತು

ಅಂಗಡಿಗೆ ಧರ್ಮವನ್ನೇಕೆ ಅಂಟಿಸುತ್ತೀರಿ? ಮಾಲು ಚೆನ್ನಾಗಿದ್ದು ದರ ಸರಿಯಿದ್ದರೆ ಗಿರಾಕಿ ತಾನಾಗಿ ಬರುತ್ತಾನೆ. ಮುಸ್ಲಿಮರ ಬಿರಿಯಾನಿ ಹೋಟೆಲುಗಳಲ್ಲಿ ಎಲ್ಲರೂ ತಿನ್ನುತ್ತಾರೆ, ಅವರ ಗ್ಯಾರೇಜಿನಲ್ಲಿ ಎಲ್ಲರೂ ಗಾಡಿ ಬಿಡುತ್ತಾರೆ. ಮೀಸಲಾತಿ ನೌಕರಿಗೆ ಇತ್ತು, ಈಗ ಟೆಂಡರಿಗೆ ಬಂತು, ನಾಳೆ ಗಿರಾಕಿಗೂ ಬರುತ್ತದೆಯೇ? ಬಡವರೆಲ್ಲರಿಗೂ ಎನ್ನಿ, ಒಪ್ಪುತ್ತೇನೆ.

ಲೆಕ್ಕದ ಮೇಜು, ಹೊಸಲೈನ್ ರಸ್ತೆ

ಧರ್ಮವನ್ನು ಅಂಟಿಸಿದ್ದು ನಾನಲ್ಲ ಸ್ವಾಮಿ. ಮುಸ್ಲಿಮರ ಸ್ಥಿತಿಗತಿ ಕುರಿತ 2006ರ ಸಾಚಾರ್ ಸಮಿತಿಯ ವರದಿಯಲ್ಲಿ, ದುಡಿಯುವ ಮುಸ್ಲಿಮರಲ್ಲಿ ಶೇ 61ರಷ್ಟು ಮಂದಿ ಸ್ವಂತ ಉದ್ಯೋಗದಲ್ಲಿದ್ದಾರೆ ಎಂದಿದೆ. ಹಿಂದೂಗಳಲ್ಲಿ ಅದು ಶೇ 55. ಇದು ವ್ಯಾಪಾರದ ಉಮೇದು ಮಾತ್ರ ಅಲ್ಲ, ಸಂಬಳದ ಕೆಲಸ ಸಿಗದೆ ಗಾಡಿ ತಳ್ಳಿದವರ ಲೆಕ್ಕವೂ ಹೌದು. ಬ್ಯಾಂಕ್ ಸಾಲದಲ್ಲಿ ಅವರ ಪಾಲು ಜನಸಂಖ್ಯೆಗೆ ತಕ್ಕಂತಿಲ್ಲ ಎನ್ನುವುದೂ ಅದೇ ವರದಿಯಲ್ಲಿದೆ.

ಗಿರಾಕಿ ತಾನಾಗಿ ಬರುತ್ತಾನೆ ಎಂದಿರಿ. 2022ರ ಜಾತ್ರೆಯ ಕಾಲ ನೆನಪಿಲ್ಲವೇ? ದೇವಸ್ಥಾನದ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆಗೆ ಕೊಡಬಾರದೆಂಬ 2002ರ ನಿಯಮವನ್ನು ಹೊರತೆಗೆದು, ರಾಜ್ಯದ ಹಲವೆಡೆ ಮುಸ್ಲಿಮರಿಗೆ ಮಳಿಗೆ ತಪ್ಪಿಸಿದರು. ನಮ್ಮ ಬೇಲೂರಿನ ರಥೋತ್ಸವಕ್ಕೂ ಆ ವಿವಾದ ತಟ್ಟಿತು. ಅದೇ ರಥೋತ್ಸವದಲ್ಲಿ ಕುರಾನ್ ಪಠಣದ ಹಳೆಯ ಪದ್ಧತಿ ಆ ವರ್ಷವೂ ನಡೆಯಿತು, ಅದನ್ನೂ ಹೇಳಿಬಿಡಬೇಕು. ಜಾತ್ರೆಯಿಂದ ಜಾತ್ರೆಗೆ ಬಳೆ, ಆಟಿಕೆ ಮಾರಿಕೊಂಡು ಹೋಗುವವನಿಗೆ ಒಂದು ಸುಗ್ಗಿ ತಪ್ಪಿದರೆ ಮಾಲಿಗೆ ತಂದ ಸಾಲದ ಬಡ್ಡಿ ನಿಲ್ಲುತ್ತದೆಯೇ? ಮಾಲಿನ ಗುಣ ಅಲ್ಲಿ ಲೆಕ್ಕಕ್ಕೇ ಬರಲಿಲ್ಲ.

ನಿವೃತ್ತ ಸಹಕಾರಿ

ಸಹಕಾರ ಇಲಾಖೆಯಲ್ಲಿ ಸವೆದವನು. ಎರಡು ಮಾತು.

ಭಾರತದ ಮೊಟ್ಟಮೊದಲ ಸಹಕಾರ ಸಂಘಗಳಲ್ಲಿ ಒಂದು ಹುಟ್ಟಿದ್ದು ನಮ್ಮ ರಾಜ್ಯದಲ್ಲೇ, ಗದಗ ಬಳಿಯ ಕಣಗಿನಹಾಳದಲ್ಲಿ, 1905ರಲ್ಲಿ. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು. ಅದೂ ಪತ್ತಿನ ಸಂಘವೇ. ನೂರಿಪ್ಪತ್ತು ವರ್ಷಗಳಾದರೂ ನಾವು ಹೆಚ್ಚಾಗಿ ಪತ್ತಿನಲ್ಲೇ ಉಳಿದೆವು. ದುಡಿಯುವವರ ಸಂಘಗಳು ಕಾಗದದ ಮೇಲೆ ಬೇಕಾದಷ್ಟು ಹುಟ್ಟಿದವು, ಸತ್ತವು. ಕಾರಣ ಗೊತ್ತಿರುವವರು ಯಾರೂ ಬಾಯಿ ಬಿಡುವುದಿಲ್ಲ, ನಾನು ಬಿಡುತ್ತೇನೆ. ಸಂಘ ಬರೆಸುವವನು ಗುತ್ತಿಗೆದಾರ. ಅವನ ಕೂಲಿಗಳೇ ಸದಸ್ಯರು, ಅವನ ಭಾವಮೈದುನ ಕಾರ್ಯದರ್ಶಿ. ಟೆಂಡರಿನಲ್ಲಿ ಸಂಘದ ಹೆಸರು, ಬಿಲ್ಲಿನ ಹಣ ಅವನ ಜೇಬಿಗೆ. ಮಹಾಸಭೆಯ ನಡವಳಿ ಪುಸ್ತಕದಲ್ಲಿ ಮೂವತ್ತು ಹೆಬ್ಬೆಟ್ಟು ಒಂದೇ ಕೋನದಲ್ಲಿ ಬಿದ್ದಿದ್ದನ್ನು ತಪಾಸಣೆಯಲ್ಲಿ ನೋಡಿದ್ದೇನೆ. ಒಂದೇ ಕೈ, ಒಂದೇ ಸಂಜೆ.

ಕಾನೂನಿನಲ್ಲಿ ಎರಡು ದಾರಿ ಇವೆ. 1959ರ ಸಹಕಾರ ಸಂಘಗಳ ಕಾಯ್ದೆ ಒಂದು, 1997ರ ಸೌಹಾರ್ದ ಕಾಯ್ದೆ ಇನ್ನೊಂದು. ಸೌಹಾರ್ದದಲ್ಲಿ ಇಲಾಖೆಯ ಕೈ ಕಡಿಮೆ, ಸ್ವಾತಂತ್ರ್ಯ ಹೆಚ್ಚು. ಸರ್ಕಾರದ ಷೇರು, ನೆರವು ಬೇಕಾದವರು ಮೊದಲನೆಯದನ್ನು ಹಿಡಿಯುತ್ತಾರೆ. ಯಾವುದೇ ಆದರೂ ಒಬ್ಬನಿಗೆ ಒಂದು ಮತ. ಹತ್ತು ಷೇರು ಹಾಕಿದವನಿಗೂ ಒಂದೇ. ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ಎನ್ನುವುದು 1959ರ ಕಾಯ್ದೆಯ ಕಟ್ಟುನಿಟ್ಟು. ಆ ದಿನ ಲೆಕ್ಕ ಓದುವುದನ್ನು ಕೇಳದವರು ಸಂಘ ಕಟ್ಟುವ ಗೋಜಿಗೇ ಹೋಗಬಾರದು.

ಸೂಜಿದಾರ

ನಾನು ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್‌ನಲ್ಲಿ ಇದ್ದವಳು. ಲೈನಿನಲ್ಲಿ ನನ್ನ ಕೆಲಸ ಕಾಲರ್ ಮಾತ್ರ. ಗಂಟೆಗೆ ಇಷ್ಟು ಎಂದು ಬೋರ್ಡಿನಲ್ಲಿ ಬರೆಯುತ್ತಾರೆ, ಶೌಚಾಲಯಕ್ಕೆ ಎದ್ದರೆ ಪಕ್ಕದವಳ ರಾಶಿ ಬೆಳೆಯುತ್ತದೆ. ಬಿಟ್ಟು ಬಂದು ನಾವು ಕೆಲವರು ಒಂದು ಮನೆಯ ಹಜಾರದಲ್ಲಿ ಹೊಲಿಯುತ್ತಿದ್ದೇವೆ. ನನ್ನ ಪಕ್ಕದ ಯಂತ್ರದಲ್ಲಿ ಕೂರುವವರು ಒಬ್ಬರು ಮುಸ್ಲಿಂ ಅಕ್ಕ, ಅವರ ಪಕ್ಕ ಒಬ್ಬರು ಹೊಲೆಯರ ಹುಡುಗಿ. ನಾನು ಒಕ್ಕಲಿಗರವಳು. ಯಾರ ಮನೆಯಿಂದ ಚಹಾ ಬರಬೇಕು ಎಂದು ಮೊದಮೊದಲು ಗೊಂದಲವಿತ್ತು. ಈಗ ಫ್ಲಾಸ್ಕ್ ತಂದವರದ್ದು.

ಸರ್ಕಾರಿ ಶಾಲೆಗಳಿಗೆ ಸಮವಸ್ತ್ರದ ಬಟ್ಟೆ ಬರುತ್ತದೆ, ಹೊಲಿಸುವ ಖರ್ಚು ಪೋಷಕರ ತಲೆಗೆ. ಜೂನ್ ಬಂದರೆ ನಮಗೆ ಕೈತುಂಬಾ ಕೆಲಸ. ಎರಡು ತಿಂಗಳು ರಾತ್ರಿಯೆಲ್ಲ, ಆಮೇಲೆ ಮಂಕು. ವರ್ಷಪೂರ್ತಿ ಕೆಲಸ ಬೇಕೆಂದು ಒಂದು ಸಂಸ್ಥೆಯ ಟೆಂಡರ್ ನೋಡಿದೆವು. ಮೂರು ವರ್ಷಗಳ ವಹಿವಾಟಿನ ಪ್ರಮಾಣಪತ್ರ, ಇಎಂಡಿ ಎಂಬ ಮುಂಗಡ ಠೇವಣಿ, ಇಷ್ಟು ಯಂತ್ರಗಳಿರಬೇಕೆಂಬ ಷರತ್ತು. ಆ ಷರತ್ತು ಬರೆದವರಿಗೆ ನಮ್ಮಂಥವರು ಬರಲಿ ಎಂಬ ಮನಸ್ಸಿಲ್ಲ. ಕಡೆಗೆ ಅದೇ ಟೆಂಡರ್ ಗೆದ್ದವರ ಕಡೆಯವನು ಬಂದು, ತುಂಡಿಗೆ ಇಷ್ಟು ಎಂದು ನಮಗೇ ಕೊಟ್ಟ! ಹೊಲಿದವರು ನಾವೇ. ಹಣ ತಿರುಗಿ ಬರುವಷ್ಟರಲ್ಲಿ ದಾರದಂಗಡಿಯವರ ಮುಂದೆ ತಲೆತಗ್ಗಿಸಿ ನಡೆಯುವ ಹಾಗಾಯಿತು.

ಇನ್ನೊಂದು ಸಂಗತಿ ಗಂಡಸರಿಗೆ ಹೊಳೆಯುವುದಿಲ್ಲ. ನಮ್ಮಲ್ಲಿ ಗುಂಡಿಯ ತೂತು ಹೊಲಿಯುವ ಕಾಜಾ ಯಂತ್ರ ಇಲ್ಲ. ಅಂಗಿ ಪೂರ್ತಿ ಹೊಲಿದು, ಕಾಜಾಕ್ಕೆ ಚೀಲದಲ್ಲಿ ತುಂಬಿ ಮಾರುಕಟ್ಟೆಯ ಬಳಿಗೆ ಒಯ್ದು, ತುಂಡಿನ ಲೆಕ್ಕದಲ್ಲಿ ಕೊಟ್ಟು, ಸರದಿಯಲ್ಲಿ ನಿಂತು ತರುತ್ತೇವೆ. ಹಣಕ್ಕಿಂತ ಅರ್ಧ ದಿನ ಹೋಗುವುದು ದುಬಾರಿ. ಸಂಘ ಮೊದಲು ಒಂದು ಕಾಜಾ ಯಂತ್ರ ಕೊಳ್ಳಲಿ, ದೊಡ್ಡ ಮಾತು ಆಮೇಲೆ.

ಓಹಿಯೋದ ಹಾಸನಿಗ

ಲೆಕ್ಕದ ಮೇಜಿನವರು ಹೇಳಿದ್ದನ್ನೇ ಇಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 2008ರಿಂದ ಮಾಡುತ್ತಿದ್ದಾರೆ. ಎವರ್‌ಗ್ರೀನ್ ಕೋಆಪರೇಟಿವ್ಸ್ ಎಂದು ಹೆಸರು. ಊರಿನ ದೊಡ್ಡ ಆಸ್ಪತ್ರೆಗಳು, ವಿಶ್ವವಿದ್ಯಾಲಯ ಖರೀದಿಗೆ ಅಪಾರ ಹಣ ಸುರಿಯುತ್ತಿದ್ದವು, ಅವುಗಳ ಗೋಡೆಯಾಚೆಯ ಬಡಾವಣೆಗಳಲ್ಲಿ ಕಪ್ಪು ಜನ ಕೆಲಸವಿಲ್ಲದೆ ಕೂತಿದ್ದರು. ಆ ಬಡಾವಣೆಯವರೇ ಒಡೆಯರಾಗಿರುವ ಲಾಂಡ್ರಿಯಿಂದ ಶುರು ಮಾಡಿದರು. ಚೆನ್ನಾಗಿ ಕಾಣುತ್ತದೆ, ಆದರೆ ಮೊದಲ ಕೆಲವು ವರ್ಷ ಲಾಂಡ್ರಿ ಒದ್ದಾಡಿತು. ದೊಡ್ಡ ಆಸ್ಪತ್ರೆಗಳು ಆಗಲೇ ಬೇರೆ ಕಂಪನಿಗಳ ಜೊತೆ ದೀರ್ಘ ಒಪ್ಪಂದ ಮಾಡಿಕೊಂಡಿದ್ದವು. ಬೆನ್ನು ತಟ್ಟಿದರು, ಬಟ್ಟೆ ಕೊಡಲಿಲ್ಲ. 2018ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಲಾಂಡ್ರಿಯ ಹೊಣೆ ಸಂಘಕ್ಕೆ ಬಂದ ಮೇಲೆ ಅದರ ಗಾತ್ರವೇ ಬದಲಾಯಿತು.

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1985ರಿಂದ ಒಂದು ಸಂಘವಿದೆ. ಮುದುಕರ, ರೋಗಿಗಳ ಮನೆಗೆ ಹೋಗಿ ಆರೈಕೆ ಮಾಡುವ ಹೆಂಗಸರದ್ದು, ಹೆಚ್ಚಿನವರು ಕಪ್ಪು ಹಾಗೂ ಲ್ಯಾಟಿನ್ ಮೂಲದವರು. ಸುಮಾರು ಎರಡು ಸಾವಿರ ಕೆಲಸಗಾರರಿರುವ, ಅಮೆರಿಕದ ಅತಿ ದೊಡ್ಡ ಕಾರ್ಮಿಕ ಸಹಕಾರ ಸಂಘ ಅದು. ಹಾಸನದಲ್ಲೂ ಮಕ್ಕಳು ಬೆಂಗಳೂರಿಗೆ ಹೋಗಿ ಹೆತ್ತವರು ಮಾತ್ರ ಉಳಿದ ಮನೆಗಳು ಎಷ್ಟೊಂದು. ನನ್ನ ತಾಯಿಯವರ ಆರೈಕೆಗೆ ಏಜೆನ್ಸಿಗೆ ತಿಂಗಳು ತಿಂಗಳು ಹಣ ಕಳುಹಿಸುತ್ತೇನೆ, ಆರೈಕೆ ಮಾಡುವ ಆಯಮ್ಮನ ಕೈಗೆ ಅದರಲ್ಲಿ ಎಷ್ಟು ಹೋಗುತ್ತದೆ ಎಂದು ಕೇಳಿದರೆ ಏಜೆನ್ಸಿಯವರು ಮಾತು ಮರೆಸುತ್ತಾರೆ.

ನೇರ ಮಾತು

ಅಮೆರಿಕದ ಕಥೆ ಹಾಸನಕ್ಕೆ ಏಕೆ? ಅಲ್ಲಿ ಟ್ರಸ್ಟುಗಳು ಕೋಟಿಗಟ್ಟಲೆ ಕೊಡುತ್ತವೆ. ಇಲ್ಲಿ ಮೂವರು ಪಾಲುದಾರರು ಸೇರಿ ಒಂದು ಚಹಾ ಅಂಗಡಿ ನಡೆಸಲಾಗುವುದಿಲ್ಲ.

ಸಕಲೇಶಪುರ ರೈಲು

ಹಾಗಾದರೆ ಇಲ್ಲಿಯ ಕಥೆಯನ್ನೇ ಕೇಳಿ. ನಮ್ಮ ಸಕಲೇಶಪುರ, ಆಲೂರು, ಬೇಲೂರಿನ ಕಾಫಿಯೂ ಸೇರಿ ದೇಶದ ಕಾಫಿಗೆ ಒಡೆಯನಂತಿದ್ದದ್ದು ಕಾಫಿ ಮಂಡಳಿ. 1950ರ ದಶಕದಲ್ಲಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿ ನೌಕರರನ್ನು ಮನೆಗೆ ಕಳುಹಿಸಿತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಆ ಮಾಣಿಗಳು, ಅಡುಗೆಯವರೇ ಸಂಘ ಕಟ್ಟಿ ಹೋಟೆಲು ವಹಿಸಿಕೊಂಡರು. ಮೊದಲ ಸಂಘ ಬೆಂಗಳೂರಿನಲ್ಲಿ, 1957ರ ಆಗಸ್ಟ್‌ನಲ್ಲಿ. ಬೆಂಗಳೂರಿನ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಎಂ.ಜಿ. ರಸ್ತೆಯಿಂದ ಚರ್ಚ್ ಸ್ಟ್ರೀಟ್‌ಗೆ ಹೋಗಬೇಕಾಯಿತು. ಮುಚ್ಚಲಿಲ್ಲ, ಈಗಲೂ ಪೇಟ ಸುತ್ತಿದವರು ಬಂದು ಕಾಫಿ ಇಡುತ್ತಾರೆ. ಮೂವರು ಪಾಲುದಾರರ ಚಹಾ ಅಂಗಡಿ ಮುರಿಯುವುದು ನಿಜ, ಆದರೆ ನೌಕರರೇ ನಡೆಸುವ ಹೋಟೆಲು ಅರವತ್ತು ಎಪ್ಪತ್ತು ವರ್ಷ ನಡೆದದ್ದೂ ನಿಜ.

ಕಣ್ಣೂರಿನ ದಿನೇಶ್ ಬೀಡಿಯದ್ದು ಇನ್ನೂ ದೊಡ್ಡ ಕಥೆ. ಬೀಡಿ ಕಾರ್ಮಿಕರಿಗೆ ಸೌಲಭ್ಯ ಕೊಡಬೇಕೆಂಬ 1966ರ ಕಾಯ್ದೆ ಕೇರಳದಲ್ಲಿ ಜಾರಿಯಾಗುತ್ತಿದ್ದಂತೆ ಮಂಗಳೂರು ಮೂಲದ ಬೀಡಿ ಮಾಲೀಕರು ಅಲ್ಲಿಯ ಕೇಂದ್ರಗಳಿಗೆ ಬೀಗ ಹಾಕಿದರು. ಸುಮಾರು 12 ಸಾವಿರ ಮಂದಿ ಬೀದಿಗೆ ಬಿದ್ದರು. 1969ರಲ್ಲಿ ಅವರೇ ಸರ್ಕಾರದ ನೆರವಿನಿಂದ ಸಂಘ ಮಾಡಿಕೊಂಡರು. ಬೀಡಿ ಸೇದುವವರು ಕಡಿಮೆಯಾದ ಮೇಲೆ ಮಸಾಲೆ ಪುಡಿ, ಛತ್ರಿ, ಸಿದ್ಧ ಉಡುಪಿಗೆ ತಿರುಗಿದರು.

ಸತ್ಯಮಂಗಲದ ಹುಡುಗ

ನಮ್ಮಪ್ಪ ಕಸದ ಲಾರಿಯ ಲೋಡರ್. ಗುತ್ತಿಗೆ ಬದಲಾದಾಗಲೆಲ್ಲ ಹೊಸ ಗುತ್ತಿಗೆದಾರ, ಅದೇ ಲಾರಿ, ಅದೇ ಅಪ್ಪ. ಪಿಎಫ್ ಮಾತ್ರ ಪ್ರತಿ ಸಲ ಮೊದಲಿನಿಂದ.

ಟೆಂಡರ್ ಮೀಸಲಾತಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಸರ್ಕಾರಿ ಖರೀದಿ, ಟೆಂಡರುಗಳಿಗಿರುವ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಗೆ ತಿದ್ದುಪಡಿ ತಂದು ಪರಿಶಿಷ್ಟ ಜಾತಿಗೆ ಶೇ 17.15, ಪಂಗಡಕ್ಕೆ ಶೇ 6.95 ಕಾಮಗಾರಿಗಳನ್ನು ಮೀಸಲಿಟ್ಟರು. ಮೊದಲು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗೆ, ನಂತರ ಒಂದು ಕೋಟಿಯವರೆಗೆ. ಒಳ್ಳೆಯದೇ. ನಮ್ಮವರಲ್ಲಿ ನಾಲ್ಕು ಜನ ತಲೆಯೆತ್ತಿದ್ದಾರೆ, ಅಲ್ಲಗಳೆಯುವುದಿಲ್ಲ. ಆದರೆ ಪರವಾನಗಿ ನಮ್ಮವನದು, ಬಂಡವಾಳ ಇನ್ನೊಬ್ಬನದು ಎಂಬ ಕೆಲಸಗಳೂ ಇವೆ. ನಮ್ಮವನಿಗೆ ಹೆಸರಿನ ಬಾಡಿಗೆ ಸಿಗುತ್ತದೆ. ಕೆಳಗೆ ಮಣ್ಣು ಹೊರುವವನಿಗೆ ಯಾರ ಹೆಸರಿದ್ದರೂ ಅದೇ ಕೂಲಿ.

ಆದ್ದರಿಂದ ಅಲ್ಪಸಂಖ್ಯಾತರ ಒಡೆತನದ ಅಂಗಡಿ, ದಲಿತರ ಒಡೆತನದ ಕಂಪನಿ ಎನ್ನುವಾಗ ಒಳಗೆ ದುಡಿಯುವವನಿಗೆ ಏನು ಸಿಗುತ್ತದೆ ಎನ್ನುವುದನ್ನೂ ಕೇಳಿ. ಮಾಲೀಕನ ಜಾತಿ ಬದಲಾದರೆ ನನಗೆ ಖುಷಿ, ಅಪ್ಪನ ಪಿಎಫ್ ಬಂದರೆ ಇನ್ನೂ ಖುಷಿ.

ಲೆಕ್ಕದ ಮೇಜು, ಹೊಸಲೈನ್ ರಸ್ತೆ

ಈ ಮಾತಿಗಾಗಿಯೇ ಕಾಯುತ್ತಿದ್ದೆ. ಅಲ್ಪಸಂಖ್ಯಾತರ ವ್ಯಾಪಾರ ಒಂದು ಕಡೆ, ಕಾರ್ಮಿಕ ಸಂಘ ಇನ್ನೊಂದು ಕಡೆ ಎಂದು ಬೇರೆ ಬೇರೆ ಇಟ್ಟರೆ ಎರಡೂ ಅರೆಬರೆ. ಮುಸ್ಲಿಂ ಮಾಲೀಕನ ಬೇಕರಿಯಲ್ಲೂ ಒಲೆಯ ಮುಂದೆ ನಿಲ್ಲುವ ಹುಡುಗನಿಗೆ ರಜೆಯಿಲ್ಲ, ನನಗೆ ಸಂಬಳದ ಪುಸ್ತಕ ಗೊತ್ತು.

ಟೆಂಡರಿನ ವಿಷಯದಲ್ಲಿ ಒಂದಿಷ್ಟು ಸೇರಿಸುತ್ತೇನೆ. 2025ರ ಮಾರ್ಚ್‌ನಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿಯಲ್ಲಿ ಪ್ರವರ್ಗ 2ಬಿಗೆ, ಅಂದರೆ ಮುಸ್ಲಿಮರಿಗೆ, ಶೇ 4ರ ಮೀಸಲು ಸೇರಿತ್ತು, ಕಾಮಗಾರಿಯ ಮಿತಿ ಎರಡು ಕೋಟಿಗೆ ಏರಿತ್ತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಯವರ ಒಪ್ಪಿಗೆಗೆ ಕಾಯ್ದಿರಿಸಿದರು. ಆ ಶೇ 4ರ ಸುತ್ತ ನಡೆದ ಗದ್ದಲದಲ್ಲಿ ಸೂಜಿದಾರ ಮೇಡಂ ಹೇಳಿದ ವಹಿವಾಟಿನ ಷರತ್ತಿನ ಬಗ್ಗೆ ಒಬ್ಬರೂ ಉಸಿರೆತ್ತಲಿಲ್ಲ. ಮೀಸಲು ಎಷ್ಟೇ ಇರಲಿ, ಟೆಂಡರನ್ನು ದೊಡ್ಡ ಗಂಟು ಮಾಡಿ ಕರೆದರೆ ಸಣ್ಣವರು ಬಾಗಿಲಲ್ಲೇ ಉಳಿಯುತ್ತಾರೆ.

ಕೇಂದ್ರ ಸರ್ಕಾರದ ಇಲಾಖೆ, ಉದ್ದಿಮೆಗಳಿಗೆ 2012ರ ಖರೀದಿ ನೀತಿ ಇದೆ. ಶೇ 25ರಷ್ಟನ್ನು ಸಣ್ಣ ಮತ್ತು ಅತಿಸಣ್ಣ ಉದ್ಯಮಗಳಿಂದ ಕೊಳ್ಳಬೇಕು, ಅದರೊಳಗೆ ಪರಿಶಿಷ್ಟರಿಂದ ಶೇ 4, ಮಹಿಳೆಯರಿಂದ ಶೇ 3. ಇಎಂಡಿ ವಿನಾಯಿತಿಯೂ ಉಂಟು. ಇದಕ್ಕೆ ಬೇಕಾದ, ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿ ಉಚಿತ, ಮೊಬೈಲಿನಲ್ಲೇ ಆಗುತ್ತದೆ, ಯಾರಿಗೂ ಇದಕ್ಕೆಂದು ಹಣ ಕೊಡಬೇಡಿ. ನೋಂದಾಯಿಸಿದವರಿಗೆ ಬಿಲ್ಲಿನ ಹಣ 45 ದಿನದೊಳಗೆ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ, ತಡವಾದರೆ ಬಡ್ಡಿ ಸಮೇತ. ದಾರದಂಗಡಿಯ ಮುಂದೆ ತಲೆತಗ್ಗಿಸಿದ ಮೇಡಂ ಇದನ್ನು ಬರೆದಿಟ್ಟುಕೊಳ್ಳಲಿ.

ಸೊಪ್ಪಿನ ಗಾಡಿ, ಕಟ್ಟಿನಕೆರೆ

ನನ್ನ ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಬೆಳಿಗ್ಗೆ 900 ಕೈಗೆ ಕೊಟ್ಟು ಸಂಜೆ 1000 ವಸೂಲಿ ಮಾಡುವವರು ನಮ್ಮ ಬ್ಯಾಂಕು. ಸ್ವನಿಧಿಯಲ್ಲಿ ಮೊದಲ ಕಂತು 10 ಸಾವಿರ ಬಂತು, ತೀರಿಸಿದೆ, ಮುಂದಿನದ್ದೂ ಬಂತು. ಸುಳ್ಳು ಹೇಳಬಾರದು, ಅದರಿಂದ ಆ ಬಡ್ಡಿಯವನ ಮುಖ ನೋಡುವುದು ಕಡಿಮೆಯಾಗಿದೆ. ಆದರೆ ಹಾಸನಾಂಬೆ ಬಾಗಿಲು ತೆರೆದಾಗ ಊರು ತುಂಬಾ ಜನ, ನಮ್ಮನ್ನು ಮಾತ್ರ ಅತ್ತ ಇತ್ತ ಓಡಿಸುತ್ತಾರೆ. ವರ್ಷದ ವ್ಯಾಪಾರ ಇರುವುದೇ ಆಗ.

ನಿವೃತ್ತ ಸಹಕಾರಿ

ತಾಯಿ, 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40 ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಹಾಸನಾಂಬೆಯ ದಿನಗಳಲ್ಲಿ ಗಾಡಿಗಳು ಎಲ್ಲಿ ನಿಲ್ಲಬೇಕೆಂದು ಆ ಸಮಿತಿಯನ್ನು ಕೇಳಿಯೇ ತೀರ್ಮಾನಿಸಬೇಕು. ಸಮಿತಿಯಲ್ಲಿ ನಿಮ್ಮ ಸಾಲಿನವರು ಯಾರಿದ್ದಾರೆ ಎಂದು ಮೊದಲು ವಿಚಾರಿಸಿ.

ಶೆಟ್ಟಿಹಳ್ಳಿ ಮೊಮ್ಮಗಳು

ಅಲ್ಪಸಂಖ್ಯಾತರು ಎಂದಾಗ ಎಲ್ಲರೂ ಮುಸ್ಲಿಮರನ್ನಷ್ಟೇ ನೆನೆಯುತ್ತೀರಿ. ಜೈನರಿಗೆ 2014ರಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ಸಿಕ್ಕಿತು. ಅವರಲ್ಲಿ ಚಿನ್ನದಂಗಡಿ ಇಟ್ಟವರೂ ಇದ್ದಾರೆ, ಕೂಲಿ ಮಾಡುವವರೂ ಇದ್ದಾರೆ. ನಾವು ಕ್ರೈಸ್ತರು. ನಮ್ಮ ಅಜ್ಜಿಯ ಊರು ಗೊರೂರು ಅಣೆಕಟ್ಟಿನ ನೀರಿಗೆ ಹೋಯಿತು. ಎಲ್ಲರೂ ಫೋಟೋ ತೆಗೆಸಿಕೊಳ್ಳಲು ಹೋಗುವ ಆ ಮುಳುಗಿದ ಚರ್ಚು ನಮ್ಮವರ ಚರ್ಚು. ಜಮೀನು ಹೋದ ಮೇಲೆ ಪೇಟೆಗೆ ಬಂದವರು ಮನೆಗೆಲಸ, ನರ್ಸಿಂಗ್, ಅಡುಗೆ ಎಂದು ಹಂಚಿಹೋದರು. ಅಂಗಡಿ ಇಟ್ಟವರು ಕಡಿಮೆ. ಒಡೆತನದ ಅಂಗಡಿಗಳನ್ನು ಎಣಿಸುತ್ತ ಕೂತರೆ ನಾವು ಆ ಲೆಕ್ಕಕ್ಕೇ ಸಿಗುವುದಿಲ್ಲ. ನಮಗೆ ಸಂಘವೇ ಸರಿ.

ಓಹಿಯೋದವರು ಹೇಳಿದ ಆರೈಕೆಯ ಸಂಘಕ್ಕೆ ನಮ್ಮ ಬೀದಿಯಲ್ಲೇ ಅನುಭವಸ್ಥ ಹೆಂಗಸರಿದ್ದಾರೆ. ಏಜೆನ್ಸಿಯ ಸಮವಸ್ತ್ರ ತೊಟ್ಟು ಹೋಗುತ್ತಾರೆ. ರಾತ್ರಿ ಪಾಳಿಯಲ್ಲಿ ಊಟ ಯಾರದ್ದು ಎಂಬ ಜಗಳ ಇನ್ನೂ ಮುಗಿದಿಲ್ಲ.

ನೇರ ಮಾತು

ಸರಿ, ಒಂದು ನೇರ ಪ್ರಶ್ನೆ. ಸಂಘದಲ್ಲಿ ಎಲ್ಲರೂ ಒಡೆಯರು ಎಂದ ಮೇಲೆ ಕೆಲಸಕ್ಕೆ ಬಾರದವನನ್ನು ತೆಗೆಯುವವರು ಯಾರು? ಚೆನ್ನಾಗಿ ಹೊಲಿಯುವವಳಿಗೂ ಸೋಮಾರಿಗೂ ಒಂದೇ ಕೂಲಿಯೇ? ನನ್ನ ಅಂಗಡಿಯಲ್ಲಿ ನಾಲ್ಕು ಹುಡುಗರನ್ನು ನಿಭಾಯಿಸುವುದರಲ್ಲೇ ಸಾಕಾಗಿದೆ. ವ್ಯಂಗ್ಯವಲ್ಲ, ತಿಳಿಯಬೇಕೆಂದೇ ಕೇಳುತ್ತಿದ್ದೇನೆ.

ನಿವೃತ್ತ ಸಹಕಾರಿ

ಈ ಪ್ರಶ್ನೆಗೆ ಉತ್ತರವಿಲ್ಲದ ಸಂಘ ಎರಡನೆಯ ಮಹಾಸಭೆ ಕಾಣುವುದಿಲ್ಲ. ಸ್ಪೇನಿನ ಮೊಂಡ್ರಾಗಾನ್‌ನಲ್ಲಿ 1956ರಲ್ಲಿ ಶುರುವಾದ ಸಂಘಗಳ ಗುಂಪಿನಲ್ಲಿ ಇಂದು 70 ಸಾವಿರದಷ್ಟು ಜನ ದುಡಿಯುತ್ತಾರೆ. ಅಲ್ಲಿ ಎಲ್ಲರಿಗೂ ಒಂದೇ ಸಂಬಳವಿಲ್ಲ. ಮೇಲಿನವರ ಸಂಬಳ ಕೆಳಗಿನವರ ಸುಮಾರು ಆರು ಪಟ್ಟು ಮೀರಬಾರದು ಎಂಬ ಕಟ್ಟು ಇದೆ, ಅಷ್ಟೇ. ವ್ಯವಸ್ಥಾಪಕನನ್ನು ಸದಸ್ಯರು ಆರಿಸಿದ ಮಂಡಳಿ ನೇಮಿಸುತ್ತದೆ. ನೇಮಿಸಿದ ಮೇಲೆ ದಿನನಿತ್ಯದ ಕೆಲಸದಲ್ಲಿ ಅವನು ಹೇಳಿದಂತೆ ನಡೆಯಬೇಕು. ಒಡೆತನ ಮಹಾಸಭೆಯಲ್ಲಿ, ಶಿಸ್ತು ಕೆಲಸದ ಜಾಗದಲ್ಲಿ. ತುಂಡಿನ ಕೂಲಿ ಬೇಕಾದರೆ ತುಂಡಿನ ಕೂಲಿ, ದಿನಗೂಲಿ ಬೇಕಾದರೆ ದಿನಗೂಲಿ. ಯಾವುದು ಎನ್ನುವುದನ್ನು ಉಪವಿಧಿಯಲ್ಲಿ, ಅಂದರೆ ಸಂಘದ ಸ್ವಂತ ನಿಯಮಾವಳಿಯಲ್ಲಿ, ಮೊದಲೇ ಬರೆಯಿರಿ.

ಕೇರಳದ ವಡಗರದ ಹತ್ತಿರ ಊರಾಳುಂಗಲ್ ಎಂಬಲ್ಲಿ 1925ರಲ್ಲಿ, ವಾಗ್ಭಟಾನಂದ ಗುರುಗಳ ಪ್ರೇರಣೆಯಿಂದ, ಕೂಲಿಯವರು ಕಟ್ಟಿದ ಸಂಘ ಇಂದು ಸಾವಿರಾರು ಜನರೊಂದಿಗೆ ಹೆದ್ದಾರಿ, ಸೇತುವೆ ಕಟ್ಟುತ್ತದೆ. ಅವರು ಬೆಳೆದದ್ದು ಬೆವರಿನಿಂದ ಮಾತ್ರ ಅಲ್ಲ, ಕಾರ್ಮಿಕ ಗುತ್ತಿಗೆ ಸಂಘಗಳಿಗೆ ಕೇರಳ ಸರ್ಕಾರ ದರದಲ್ಲಿ ಶೇ 10ರ ಆದ್ಯತೆ ಕೊಟ್ಟಿತು. ನಮ್ಮಲ್ಲೂ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ ಇದೆ, ಸರ್ಕಾರದ ನಿಗಮಗಳಿಗೆ ಟೆಂಡರ್ ಇಲ್ಲದೆ ಕೆಲಸ ಕೊಡಲು ಧಾರಾಳವಾಗಿ ಬಳಸುತ್ತಾರೆ. ಹೆಂಗಸರ ಹೊಲಿಗೆ ಸಂಘಕ್ಕೆ ಅದನ್ನು ಕೇಳಿದರೆ ಮಾತ್ರ ಕಡತ ಏಳುವುದಿಲ್ಲ.

ಸತ್ಯಮಂಗಲದ ಹುಡುಗ

ಪುಣೆಯ ಸ್ವಚ್ಛ್ ಸಂಘವನ್ನೂ ನೋಡಿ ಗುಜರಿ ಅಣ್ಣ. ಚಿಂದಿ ಆಯುವ ಮೂರು ಸಾವಿರಕ್ಕೂ ಹೆಚ್ಚು ಜನ, ಬಹುತೇಕ ದಲಿತ ಹೆಂಗಸರು, ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಎತ್ತುತ್ತಾರೆ. ಮನೆಯವರು ಶುಲ್ಕವನ್ನು ನೇರ ಅವರಿಗೆ ಕೊಡುತ್ತಾರೆ, ಒಣಕಸ ಮಾರಿದ ಹಣವೂ ಅವರದ್ದೇ. ನಿಮ್ಮ ಪಿಂಡಿ ಯಂತ್ರದ ಸಂಘದಲ್ಲಿ ಅಂಗಡಿಯವರು ಮಾತ್ರ ಸದಸ್ಯರೋ, ಮುಂಜಾನೆ ರಟ್ಟು ತರುವ ಆ ಹೆಂಗಸೂ ಸದಸ್ಯಳೋ?

ಗುಜರಿ ಅಂಗಡಿ, ಪೆನ್ಷನ್ ಮೊಹಲ್ಲಾ

ಒಳ್ಳೆಯ ಕಡೆ ಹಿಡಿದೆ ತಮ್ಮ. ಅವಳಿಗೆ ಒಂದು ಮತ, ನನಗೂ ಒಂದು ಮತ ಎಂದರೆ ಅವರೇ ಹೆಚ್ಚು ಜನ. ರಟ್ಟಿನ ದರ ಅವರು ಹೇಳಿದ್ದೇ ಆಗುತ್ತದೆ, ನನ್ನ ಅಂಗಡಿ ಬಾಡಿಗೆ ಯಾರು ಕಟ್ಟುತ್ತಾರೆ? ಬೇರೆ ಗುಜರಿಯವರು ಇದಕ್ಕೆ ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆಯೇ ಎಂದು ಕೇಳಿದರೆ, ತೂಕದ ಕಡಿತದ ಲೆಕ್ಕವನ್ನು ಎಲ್ಲರ ಮುಂದೆ ಬರೆಯಲು ಒಪ್ಪುತ್ತೇನೆ. ಮತದ ವಿಷಯ ಮನೆಯಲ್ಲಿ ಮಾತಾಡಬೇಕು.

ನಿರ್ವಾಹಕ

ಜಾತ್ರೆಯ ವಿಷಯಕ್ಕೆ ಬಂದ ನಾಲ್ಕು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಬೈಗುಳಕ್ಕೆ ಬೇರೆ ಜಾಗ ಹುಡುಕಿಕೊಳ್ಳಿ.

ಲೆಕ್ಕದ ಮೇಜು, ಹೊಸಲೈನ್ ರಸ್ತೆ

ಒಂದೇ ಕೆಲಸದಿಂದ ಶುರು ಮಾಡೋಣ, ಅದು ಹೊಲಿಗೆ. ಆಸ್ಪತ್ರೆ, ಹಾಸ್ಟೆಲ್‌ಗಳ ಹರಿದ ಹೊದಿಕೆ, ದಿಂಬಿನ ಚೀಲ, ಪರದೆಯ ರಿಪೇರಿ. ಇದಕ್ಕೆ ದೊಡ್ಡ ಕಂಪನಿಗಳು ಬರುವುದಿಲ್ಲ, ಮೊತ್ತ ಸಣ್ಣದು, ಆದರೆ ತಿಂಗಳು ತಿಂಗಳು ಬರುವ ಕೆಲಸ. ಅರ್ಜಿ ನಾನು ಬರೆಯುತ್ತೇನೆ. ಉಪವಿಧಿಯನ್ನು ನಿವೃತ್ತ ಸಹಕಾರಿಯವರು ನೋಡಿಕೊಡಲಿ. ನೇರ ಮಾತಿನವರು ಬಂದು ಇದೇ ಪ್ರಶ್ನೆಗಳನ್ನು ಎದುರಿಗೇ ಕೇಳಲಿ, ಅಂಥವರೊಬ್ಬರು ಬೇಕು.

ಸೂಜಿದಾರ

ಸರ್, ಬರುತ್ತೇವೆ. ಮೊದಲೇ ಹೇಳಿಬಿಡುತ್ತೇನೆ. ಕಾಜಾ ಯಂತ್ರ ಸಂಘದ ಹೆಸರಿನಲ್ಲೇ ಬರಬೇಕು, ಯಾರ ಗಂಡನ ಹೆಸರಿನಲ್ಲೂ ಅಲ್ಲ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ಇಬ್ಬರೂ ಯಂತ್ರದ ಮುಂದೆ ಕೂರುವವರೇ ಆಗಿರಬೇಕು. ನೀವು ಲೆಕ್ಕ ಬರೆದುಕೊಡಿ, ನಿಮಗೂ ಸಂಬಳ ಕೊಡುತ್ತೇವೆ, ಮತ ಕೊಡುವುದಿಲ್ಲ. ಸಭೆ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಇಡಿ, ಆಮೇಲೆ ಮಕ್ಕಳು ಶಾಲೆಯಿಂದ ಬರುತ್ತಾರೆ. ಶುಕ್ರವಾರ ಬೇಡ, ಅಕ್ಕನ ಮನೆಯಲ್ಲಿ ನಮಾಜು, ಊಟ ಎಂದು ತಡವಾಗುತ್ತದೆ. ಮಂಗಳವಾರ ಆದೀತು.